ಹೊಸ ಟೋಪಿ ಹಾಕಿಕೊಂಡು ಹೋದವನು

ಸೊಯ್ಲಾಳಿಗೆ ಯಾರಾದರೂ ಚೆನ್ನಾಗಿ ಮಾತಾಡಿದರೂ ಅನುಮಾನ, ಮಾತಾಡದಿದ್ದರೂ ಅನುಮಾನ. ಕುಯ್ಕೋಚ ಸರೋವರದ ಸುತ್ತುದಾರಿ ಶುರುವಾಗುವ ಕಡೆ ಅವಳದೊಂದು ಹುರಿದ ಮುಸುಕಿನ ಜೋಳದ ಅಂಗಡಿ. ಗಿರಾಕಿಯೊಬ್ಬ ಚಿಲ್ಲರೆ ಬೇಡ ಎಂದುಬಿಟ್ಟರೆ ಅವನು ಕೊಟ್ಟ ನೋಟನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದಳು. ಊರವರು ಬೆನ್ನ ಹಿಂದೆ ಅನುಮಾನದ ಪಿಶಾಚಿ ಎನ್ನುತ್ತಿದ್ದರು. ಹಾಗೆನ್ನುತ್ತಾರೆಂಬ ಅನುಮಾನವೂ ಅವಳಿಗಿತ್ತು.

ಅವಳ ಗಂಡ ಇಸಿದ್ರೊ ಕೆಲವು ವರ್ಷಗಳ ಹಿಂದೆ ಹುಲ್ಲು ಕೊಯ್ಯಲು ಈ ದಾರಿಯಲ್ಲಿ ಹೋದವನು ಮರಳಿ ಬರಲಿಲ್ಲ. ಕುಡುಗೋಲು ಮಾತ್ರ ಕಡಿದಾದ ಅಂಚಿನಲ್ಲಿ ಸಿಕ್ಕಿತು. ಆರಿದ ಜ್ವಾಲಾಮುಖಿಯ ಬಾಯೊಳಗೆ ತುಂಬಿದ ಆ ನೀರು ಬಿದ್ದವರನ್ನು ಹಿಂದಕ್ಕೆ ಕೊಡುವುದಿಲ್ಲ ಎಂದು ಊರವರೆಲ್ಲ ಅತ್ತರು. ಸೊಯ್ಲಾ ಅಳಲಿಲ್ಲ. ಆ ವಾರ ಗಂಡ ಹೆಂಡಿರ ನಡುವೆ ಮಾತೇ ಇರಲಿಲ್ಲ. ಅವನ ಜೇಬಿನಲ್ಲಿ ಯಾರದೋ ಕೆಂಪು ರಿಬ್ಬನ್ ಕಂಡು ಇವಳು ರಂಪ ಮಾಡಿದ್ದಳು. ಇನ್ನು ಹೋದ ದಿನವೋ, ಅವನ ತಲೆಯ ಮೇಲೆ ಹೊಸ ಟೋಪಿ.

"ಹುಲ್ಲು ಕೊಯ್ಯೋಕ್ ಹೋಗೋನು ಯಾರಾದ್ರೂ ಹೊಸ ಟೋಪಿ ಹಾಕ್ಕೊಂಡ್ ಹೋಗ್ತಾನಾ?" ಎಂದು ಪಕ್ಕದ ಅಂಗಡಿಯ ಫಾಬಿಯೋಲಾಳನ್ನು ಕೇಳುತ್ತಲೇ ಇದ್ದಳು. "ಗಡಿಯಾಚೆ ಕೊಲಂಬಿಯಾದಲ್ಲಿ ಸ್ವೆಟರ್ ಮಾರ್ಕೊಂಡು ಆ ರಿಬ್ಬನ್ನಿನವಳ ಜೊತೆ ಹಾಯಾಗಿದಾನೆ."

"ಇದ್ರೆ ಇರ್ಲಿ ಬಿಡೇ. ನಿನ್ ಬಾಯಿಂದ ತಪ್ಪಿಸ್ಕೊಂಡ್ನಲ್ಲ, ಪುಣ್ಯವಂತ."

ನಮ್ಮಲ್ಲಿ ಸೋಮವಾರ, ಗುರುವಾರ ಸತ್ತವರ ದಿನ. ಸ್ಮಶಾನಕ್ಕೆ ಹೋಗಿ ಬುತ್ತಿ ಬಿಚ್ಚಿ, ಬೇರೆ ಯಾರಿಗಾದರೂ ಬಡಿಸಬೇಕು. ಅವರು ಸತ್ತವರ ಹೆಸರು ಹೇಳಿ ಉಂಡರೆ ಸತ್ತವರ ಹೊಟ್ಟೆ ತುಂಬುತ್ತದೆ. ಇಸಿದ್ರೊನ ತಾಯಿ ತ್ರಾನ್ಸಿತೊ ಮಗನಿಗೂ ಒಂದು ಬುತ್ತಿ ಕಟ್ಟೋಣವೆಂದು ಸೊಸೆಯ ಕೈಕಾಲು ಹಿಡಿದಳು. ಸೊಯ್ಲಾ ಒಪ್ಪಲಿಲ್ಲ. ಬದುಕಿರುವವನಿಗೆ ಸತ್ತವರ ಊಟ ಇಟ್ಟರೆ ನಾನು ನಿಮ್ಮ ಮನೆಯ ಹೊಸಿಲು ತುಳಿಯುವುದಿಲ್ಲ ಎಂದಳು. ಮುದುಕಿ ಅಂದಿನಿಂದ ಆ ಮಾತೆತ್ತಲಿಲ್ಲ. ಅತ್ತೆ ಸುಮ್ಮನಾದದ್ದೇ ಸೊಯ್ಲಾಳ ಅನುಮಾನಕ್ಕೆ ತುಪ್ಪ ಸುರಿದಂತಾಯಿತು.

ಆಮೇಲೆ ಕಣ್ಣಿಗೆ ಬಿದ್ದದ್ದು ಗಂಟು. ಪ್ರತಿ ಗುರುವಾರ ಅತ್ತೆ ಬೆನ್ನಿಗೆ ಗಂಟು ಕಟ್ಟಿಕೊಂಡು ಸುತ್ತುದಾರಿ ಹಿಡಿಯುತ್ತಿದ್ದಳು. ಹೋಗುವಾಗ ಗಂಟು ಉಬ್ಬಿರುತ್ತಿತ್ತು, ಬರುವಾಗ ಚಪ್ಪಟೆ. ಮಂಡಿನೋವಿನ ಮುದುಕಿ ಅಷ್ಟು ದೂರ ಯಾರಿಗೆ ಉಣ್ಣಿಸಲು ಹೋಗುತ್ತಾಳೆ? ಸೊಯ್ಲಾ ಲೆಕ್ಕ ಹಾಕಿದಳು. ಮಗ ತಿರುಗಿ ಬಂದಿದ್ದಾನೆ. ಆಚೆ ಬದಿಯಲ್ಲಿ ಅಡಗಿದ್ದಾನೆ. ತಾಯಿ ಮಗ ಸೇರಿ ನನ್ನ ಕಣ್ಣಿಗೆ ಮಣ್ಣೆರಚುತ್ತಿದ್ದಾರೆ.

ಮುಂದಿನ ಗುರುವಾರ ಅಂಗಡಿಯನ್ನು ಫಾಬಿಯೋಲಾಳ ಕೈಗೊಪ್ಪಿಸಿ ಹೊರಟಳು. ಆ ದಾರಿಯಲ್ಲಿ ಬಚ್ಚಿಟ್ಟುಕೊಳ್ಳಲು ಆಗುವುದಿಲ್ಲ. ಮೊಣಕಾಲುದ್ದದ ಹುಲ್ಲು, ದುಂಡನೆಯ ಅಂಚು. ನಡೆಯುವವರು ನೀರಿನಾಚೆಯಿಂದಲೂ ಕಾಣುತ್ತಾರೆ. ಹಿಂದೆ ಬಿದ್ದರೆ ಮುದುಕಿಗೆ ಗೊತ್ತಾಗುತ್ತದೆಂದು ಇವಳು ಮೊದಲೇ ಹೊರಟು ಎದುರು ದಿಕ್ಕಿನಿಂದ ಸುತ್ತಿದಳು. ಮಂಜು ಏರಿ ಇಳಿಯುತ್ತಿತ್ತು. ನಡುನೀರಿನ ಎರಡು ದ್ವೀಪಗಳು ಒಮ್ಮೆ ಕಂಡು ಒಮ್ಮೆ ಮರೆಯಾಗುತ್ತಿದ್ದವು. ಆದರೆ ಸೊಯ್ಲಾ ನೀರಿನ ಕಡೆ ನೋಡುತ್ತಿರಲಿಲ್ಲ. ಗಂಡ ಹೋದಾಗಿನಿಂದ ನೋಡಿದವಳೇ ಅಲ್ಲ.

ಆಚೆ ಬದಿಯ ತಿರುವಿನಲ್ಲಿ ಅತ್ತೆ ಕುಳಿತಿದ್ದಳು, ಕುಡುಗೋಲು ಸಿಕ್ಕಿದ್ದ ಜಾಗದಲ್ಲೇ. ಹುಲ್ಲಿನ ಮೇಲೆ ಬಟ್ಟೆ ಹಾಸಿ ಬೇಯಿಸಿದ ಜೋಳ, ಆಲೂಗಡ್ಡೆ, ಮೊಟ್ಟೆ ಇಟ್ಟಿದ್ದಳು. ಸುತ್ತ ಯಾರೂ ಇರಲಿಲ್ಲ.

"ಎಲ್ಲಿ ಅವನು?" ಸೊಯ್ಲಾ ಕೂಗಿದಳು. "ಎಲ್ಲಿ ಬಚ್ಚಿಟ್ಟಿದೀರಾ ನಿಮ್ ಮಗನ್ನ?"

ಮುದುಕಿ ಬೆಚ್ಚಿದಳು, ಆಮೇಲೆ ನಿಟ್ಟುಸಿರು ಬಿಟ್ಟಳು. "ಬಚ್ಚಿಡೋಕೆ ಸಿಕ್ಕಿದ್ರೆ ತಾನೇ, ಮಗಳೆ? ಸ್ಮಶಾನದಲ್ಲಿ ಬುತ್ತಿ ಇಡೋಕೆ ನೀನು ಬಿಡ್ಲಿಲ್ಲ. ಅದಕ್ಕೇ ಇಲ್ಲಿ ಬಂದು ಕೂರ್ತೀನಿ. ಈ ದಾರೀಲಿ ಮೊದ್ಲು ಬಂದೋರ್ಗೆ ಬಡಿಸ್ತೀನಿ. ಬೆನ್ನಿಗೆ ಚೀಲ ಹಾಕ್ಕೊಂಡ್ ಬರೋ ಪರದೇಶಿ ಆದ್ರೂ ಸರಿ. ಹೆಸ್ರು ಹೇಳ್ಕೊಟ್ರೆ ಪಾಪ, ತಿರುಚಿ ಮುರುಚಿ ಹೇಳಿ ಉಣ್ತಾರೆ."

"ಸುಳ್ಳು. ಅವನು ಓಡಿ ಹೋಗಿದಾನೆ. ಇಲ್ದಿದ್ರೆ ಹೊಸ ಟೋಪಿ ಯಾಕೆ?"

ಮುದುಕಿ ಶಾಲಿನ ತುದಿಯನ್ನು ಹಿಂಡುತ್ತಾ ಕುಳಿತಳು.

"ನಾನೇ ಹಾಕ್ಕೋ ಅಂದೆ," ಎಂದಳು. "ಹುಲ್ಲು ಕೊಯ್ದು, ಹಾಗೇ ಆಚೆ ಊರಿಗೆ ಇಳಿದು ನಿಮ್ಮ ಮದುವೆಗೆ ಧರ್ಮದ ತಂದೆಯಾಗಿ ನಿಂತ ಲಾಂಚಿಂಬಾ ಅಜ್ಜನ್ನ ಕರ್ಕೊಂಡು ಬಾ, ಇಬ್ರಿಗೂ ಬೈದು ರಾಜಿ ಮಾಡಿಸ್ಲಿ ಅಂದೆ. ಅಂಥೋರ ಮುಂದೆ ಹಳೇ ಟೋಪೀಲಿ ನಿಂತ್ಕೊಳೋಕಾಗತ್ತಾ? ಸರಿಯಮ್ಮ, ಅವ್ಳು ಮಾತಾಡಿದ್ರೆ ಸಾಕು ಅಂದ. ಇಲ್ಲಿ ಗಾಳಿ ನಿಂಗೊತ್ತಲ್ಲ. ಟೋಪಿ ಹಾರಿರ್ಬೇಕು, ಹಿಡಿಯೋಕೆ ಬಗ್ಗಿರ್ತಾನೆ."

"ಇಷ್ಟು ವರ್ಷ ಯಾಕ್ ಹೇಳ್ಲಿಲ್ಲ?"

"ಹೇಳಿದ್ರೆ, ನೀವೇ ಕಳ್ಸಿ ಕೊಂದ್ರಿ ಅಂತಿದ್ದೆ. ನಾನೂ ದಿನಾ ಹಾಗೇ ಅಂದ್ಕೊತೀನಿ."

ಸೊಯ್ಲಾ ಊರವರೆಲ್ಲರನ್ನೂ ಟೋಪಿಯ ಬಗ್ಗೆ ಕೇಳಿದ್ದಳು. ಅತ್ತೆಯನ್ನು ಮಾತ್ರ, ಹೇಗೂ ಸುಳ್ಳು ಹೇಳುತ್ತಾಳೆಂದು, ಕೇಳಿಯೇ ಇರಲಿಲ್ಲ. ಗಂಡ ತನ್ನಿಂದ ಓಡಿಹೋಗಿರಲಿಲ್ಲ. ತನಗಾಗಿಯೇ ಹೊರಟಿದ್ದ. ಅವಳು ಅತ್ತೆಯ ಎದುರು ಹುಲ್ಲಿನ ಮೇಲೆ ಕುಳಿತಳು.

"ಇವತ್ತು ಮೊದ್ಲು ಬಂದೋಳು ನೀನೇ," ಎಂದಳು ಮುದುಕಿ ಅಂಜುತ್ತಾ. "ಒಲ್ಲೆ ಅಂದ್ರೆ ಬೇರೆಯೋರ್ಗೆ ಕಾಯ್ತೀನಿ."

ಸೊಯ್ಲಾ ಎರಡೂ ಕೈ ಚಾಚಿದಳು. ಮುದುಕಿ ಜೋಳ ಹಾಕಿ, ಅದರ ಮೇಲೆ ಸುಲಿದ ಮೊಟ್ಟೆ ಇಟ್ಟಳು.

"ಹೆಸ್ರು ಹೇಳ್ಬೇಕು, ಮಗಳೆ."

ಇಷ್ಟು ವರ್ಷ ಅವನನ್ನು ಓಡಿಹೋದವನು ಎಂದೇ ಕರೆದಿದ್ದಳು. ಈಗ ತಲೆಯೆತ್ತಿ ನೀರನ್ನು ನೋಡಿದಳು.

"ಇಸಿದ್ರೊ ಉಣ್ಲಿ," ಎಂದು ಬಾಯಿಗಿಟ್ಟುಕೊಂಡಳು. ಅಳುತ್ತಲೇ ಅಗಿದಳು. ಮುದುಕಿ ಅವಳ ಬೆನ್ನು ಸವರುತ್ತಾ, ಪೂರ್ತಿ ಉಣ್ಣು, ಅವನಿಗೆ ಹಸಿವಾಗಿರುತ್ತದೆ ಎಂದಳು. ಸೊಯ್ಲಾ ಒಂದು ಕಾಳನ್ನೂ ಬಿಡದೆ ಉಂಡಳು.