ಬಾಷಾಬಿ ಹುಡುಕಿದ ಮೂರು ತಿಂಗಳ ಕೆಲಸ

ಕಲಘಟಗಿಯ ಬಳೆಗಾರ್ತಿ ಬಾಷಾಬಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಸುತ್ತಲಿನ ಹಳ್ಳಿಗಳ ಸುದ್ದಿ ಅವಳಿಗೆ ಗೊತ್ತಿದ್ದಷ್ಟು ಊರ ಲೆಕ್ಕ ಬರೆಯುವ ತಲಾಠಿಗೂ ಗೊತ್ತಿರಲಿಲ್ಲ. ಗೊತ್ತಾಗದೆ ಏನು? ಮೂವತ್ತು ವರ್ಷದಿಂದ ಆ ಊರುಗಳ ಹೆಂಗಸರ ಕೈ ಹಿಡಿದು ಕೂತವಳು. ಬಳೆ ಇಡಿಸಿಕೊಳ್ಳುವಾಗ ಯಾವ ಹೆಂಗಸು ಸುಮ್ಮನಿರುತ್ತಾಳೆ? ಆದರೂ ಬಾಷಾಬಿ ಒಂದು ಮನೆಯ ಮಾತನ್ನು ಇನ್ನೊಂದು ಮನೆಯ ಹೊಸ್ತಿಲು ದಾಟಿಸಿದವಳಲ್ಲ. ದಾಟಿಸಿದ್ದರೆ ಅವಳ ಕಸುಬು ಎಂದೋ ಮುಳುಗಿಹೋಗುತ್ತಿತ್ತು.

೧೯೮೬ರ ಕಾರಹುಣ್ಣಿಮೆ ಕಳೆದ ವಾರ. ತಂಬೂರಿನ ಬಸವಣ್ಣೆವ್ವ ತನ್ನ ಮಗಳು ಸಾವಂತ್ರೆವ್ವನಿಗೆ ಬಳೆ ಇಡಿಸಲು ಬಾಷಾಬಿಯನ್ನು ಕರೆದಳು. ರವಿವಾರ ದೇವಿಕೊಪ್ಪದಿಂದ ಹೆಣ್ಣು ನೋಡಲು ಬರುವವರಿದ್ದರು. ಬಾಷಾಬಿ ಹುಡುಗಿಯ ಬೆರಳ ಗೆಣ್ಣುಗಳನ್ನು ಒತ್ತಿ ಬಳೆ ಏರಿಸಲು ನೋಡಿದಳು. ಏರಲಿಲ್ಲ. ಎರಡು ಚೂರಾದವು. ಅಳತೆಯೇನೂ ತಪ್ಪಿರಲಿಲ್ಲ, ಹುಡುಗಿಯೇ ಕೈ ಬಿಗಿಹಿಡಿದಿದ್ದಳು. ಮನಸ್ಸಿಲ್ಲದ ಹುಡುಗಿಯರ ಕೈ ಹೀಗೆ ಸೆಟೆಯುವುದನ್ನು ಬಾಷಾಬಿ ಬಹಳ ಕಂಡಿದ್ದಳು. ತಾಯಿ ಚಹಾ ತರಲು ಒಳಗೆ ಹೋದದ್ದೇ ಮೆಲ್ಲಗೆ ಕೇಳಿದಳು.

"ಯಾಕ ಯವ್ವಾ, ಹುಡುಗ ಚಲೋ ಇಲ್ಲೇನ?"

"ಹುಡುಗನ್ನ ನಾ ನೋಡೇ ಇಲ್ಲ ಆಯಿ. ಧಾರವಾಡದಾಗ ಮಾಸ್ತರಕಿ ಟ್ರೇನಿಂಗ್ ಮುಗಿಸಿ ಎರಡ ವರ್ಷಾತು. ಎಂಪ್ಲಾಯಮೆಂಟ್ ಕಾರ್ಡ್ ಮಾಡಿಸೇನಿ, ಅರ್ಜಿ ಹಾಕೇನಿ, ಎಲ್ಲಿಂದೂ ಕರದಿಲ್ಲ. ರವಿವಾರದೊಳಗ ಒಂದ್ ಕೆಲಸ ಸಿಕ್ರ ಮದುವಿ ಎರಡ ವರ್ಷ ಮುಂದ ಹಾಕ್ತೇನಿ ಅಂದಾನ ಅಪ್ಪ. ಇನ್ನ ನಾಕ್ ದಿನದಾಗ ಯಾರ್ ಕೊಡ್ತಾರ?"

ಬಾಷಾಬಿ ಕೈಯಲ್ಲಿದ್ದ ಬಳೆಯನ್ನು ಕೆಳಗಿಟ್ಟಳು. ಹೋದ ವರ್ಷ ಇದೇ ಕಟ್ಟೆಯ ಮೇಲೆ ಕೂತು, ಮಗಳು ಏನು ಮಾಡುತ್ತಾಳೆ ಎಂದು ಅವಳೇ ಕೇಳಿದ್ದಳು. "ಏನೂ ಇಲ್ಲ, ಮನ್ಯಾಗ ಸುಮ್ನ ಅದಾಳ" ಎಂದಿದ್ದಳು ಬಸವಣ್ಣೆವ್ವ. ಅದಾದ ಮರುವಾರ ದುಮ್ಮವಾಡದ ಖಾಸಗಿ ಸಂಸ್ಥೆಯ ಶಾಲೆಯ ಹೆಡ್‌ಮಾಸ್ತರ ಈರಬಸಪ್ಪನವರು, "ಊರೂರು ಅಡ್ಡಾಡಾಕಿ ನೀ, ಟ್ರೇನಿಂಗ್ ಆದ ಹುಡಿಗ್ಯಾರು ಯಾರರ ಅದಾರೇನ? ನಮ್ಮ ಸಾಲ್ಯಾಗ ಜಾಗಾ ಖಾಲಿ ಐತಿ" ಎಂದು ಕೇಳಿದಾಗ, "ಈ ಕಡೆ ಯಾರೂ ಇಲ್ರಿ" ಎಂದುಬಿಟ್ಟಿದ್ದಳು. ಕಾಯಂ ನೌಕರಿ ಅದು. ಬೇರೆ ಯಾರದೋ ಪಾಲಾಯಿತು.

ಬಸವಣ್ಣೆವ್ವನನ್ನು ಬಯ್ದರೆ ಅದೂ ಅನ್ಯಾಯವೇ. ಹಿರಿಯ ಮಗ ಗುಡದಪ್ಪ ಬಸ್ ಕಂಡಕ್ಟರ್ ಸಂದರ್ಶನಕ್ಕೆ ಹೋಗುವ ಮುಂಚೆಯೇ ಓಣಿಗೆಲ್ಲ ಸಕ್ಕರೆ ಹಂಚಿದ್ದ. ಕೆಲಸ ಸಿಗಲಿಲ್ಲ. ಓಣಿಯವರು ಒಂದು ವರ್ಷ ಅವನನ್ನು "ಕಂಡಕ್ಟರ್ ಸಾಹೇಬ್ರ" ಎಂದು ಕರೆದು ಕಾಡಿದರು. ಅಂದಿನಿಂದ ತಾಯಿ ಬಾಯಿಗೆ ಬೀಗ ಹಾಕಿಕೊಂಡಳು. ಆಗುವ ಮುಂಚೆ ಹೇಳಿದರೆ ಮಂದಿಯ ದೃಷ್ಟಿ ತಾಗಿ ಆಗುವುದೂ ಆಗುವುದಿಲ್ಲ ಎಂದು ಅವಳ ನಂಬಿಕೆ. ಮಗಳ ಅರ್ಜಿಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಹೋಗಿ ಟಪಾಲು ಪೆಟ್ಟಿಗೆಗೆ ಹಾಕಿ ಬರುತ್ತಿದ್ದಳು. ಕೆಲಸ ಬೇಕೆನ್ನುವುದೇ ಯಾರಿಗೂ ಗೊತ್ತಿಲ್ಲದಿದ್ದರೆ ಕೊಡುವವರು ಯಾರನ್ನು ಕರೆಯಬೇಕು? ಅಷ್ಟು ದೂರ ಆ ತಾಯಿ ಯೋಚಿಸಿರಲಿಲ್ಲ.

ಬಾಷಾಬಿ ಯೋಚಿಸಿದಳು. ಹೋದ ವಾರವಷ್ಟೇ ಅದೇ ದುಮ್ಮವಾಡದ ಶಾಲೆಯ ಶಿಕ್ಷಕಿ ರೇಣುಕವ್ವ ಅಕ್ಕೋರಿಗೆ ಕುಬಸದ ಹಸಿರು ಬಳೆ ಇಡಿಸಿ ಬಂದಿದ್ದಳು. ಬಸುರಿಗೆ ಕುಬಸವಾಯಿತೆಂದರೆ ಇನ್ನು ತವರಿಗೆ ಹೊರಡುವ ಹೊತ್ತು. ಅಕ್ಕೋರು ರಜೆ ಹಾಕಿದರೆ ಮೂರು ತಿಂಗಳು ಆ ಮಕ್ಕಳಿಗೆ ಪಾಠ ಹೇಳುವವರು ಬೇಕು. ಯಾವ ಪೇಪರಿನಲ್ಲೂ ಬಾರದ ಜಾಹೀರಾತು ಅದು. ಊರೆಲ್ಲ ಉಂಡುಹೋದ ಕಾರ್ಯವಾದ್ದರಿಂದ ಹೇಳಿದರೆ ಯಾರ ಗುಟ್ಟೂ ಒಡೆಯುವುದಿಲ್ಲ.

ಚಹಾ ಹಿಡಿದು ಬಂದ ಬಸವಣ್ಣೆವ್ವನಿಗೆ, "ಈಕೀ ಅಳತಿ ಬಳಿ ನನ್ನ ಹತ್ರ ಇಲ್ಲವಾ. ನಾಳೆ ಕಲಘಟಗಿಗೆ ಕಳಸು" ಎಂದಳು. ಬಳೆಯ ಅಳತೆಯಲ್ಲಿ ಬಾಷಾಬಿ ಹೇಳಿದ ಮೊದಲ ಸುಳ್ಳು ಅದು.

ಮರುದಿನ ಕಲಘಟಗಿಯಿಂದ ಇಬ್ಬರೂ ದುಮ್ಮವಾಡದ ಬಸ್ಸು ಹಿಡಿದರು. ಬಾಷಾಬಿ ಹಿಂದಿನ ದಿನವೇ ಕಿವಿಯಲ್ಲಿ ಹೇಳಿದ್ದಂತೆ ಸಾವಂತ್ರೆವ್ವ ಸರ್ಟಿಫಿಕೇಟನ್ನು ಸೆರಗಿನೊಳಗೆ ಮುಚ್ಚಿಕೊಂಡು ತಂದಿದ್ದಳು.

"ಮೊದಲ ಹೆಡ್‌ಮಾಸ್ತರ್ ಕಡೆ ಹೋಗೂದಲ್ಲ," ಎಂದಳು ಬಾಷಾಬಿ. "ಅಕ್ಕೋರ ಮನಿಗೆ ಹೋಗೂಣು. ತನ್ನ ಸಾಲಿ ಮಕ್ಕಳಿಗೆ ಎಂಥಾಕಿ ಬೇಕಂತ ಆಕಿಗೆ ಗೊತ್ತಿರ್ತೈತಿ. ಪಾಠ ಎಲ್ಲಿಗೆ ನಿಲ್ಲಸ್ಯಾರ, ಯಾವ ಹುಡುಗ್ರು ಹಿಂದ ಬಿದ್ದಾರ, ಕೇಳ್ಕೋ. ಆಮ್ಯಾಲ ಸಾಲಿಗೆ ಹೋದಾಗ ಕೆಲಸ ಕೊಡ್ರಿ ಅಂತ ಕೈ ಒಡ್ಡಬ್ಯಾಡ. ನಿನಗೇನ ಬರ್ತೈತಿ ಅದನ್ನ ಹೇಳು."

"ಇಲ್ಲ ಅಂದ್ರ?"

"ಇನ್ನ ಯಾರನ್ನ ಕಾಣ್ಲಿರಿ ಅಂತ ಕೇಳು. ಅವರಿಗೆ ಇಲ್ಲ ಅನ್ನಾಕ ಬರ್ತೈತಿ, ಈ ಪ್ರಶ್ನಿಗೆ ಉತ್ತರ ಕೊಡದ ಇರಾಕ ಬರೂದಿಲ್ಲ."

ರೇಣುಕವ್ವ ಅಕ್ಕೋರಿಗೆ ತಾನು ಹೋದ ಮೇಲೆ ಮಕ್ಕಳ ಗತಿ ಏನೆಂಬ ಚಿಂತೆ ಇತ್ತು. ಒಂದು ತಾಸು ಮಾತಾಡಿದ ಮೇಲೆ ಅವರೇ ಸೆರಗು ಹೊದ್ದು ಶಾಲೆಗೆ ಕರೆದುಕೊಂಡು ಹೋದರು.

ಈರಬಸಪ್ಪನವರು ಸರ್ಟಿಫಿಕೇಟು ನೋಡುವ ಮೊದಲು, "ಯಾರ ಪೈಕಿ ನೀ?" ಎಂದರು. ಸಾವಂತ್ರೆವ್ವ ಅಪ್ಪ ಹುಚ್ಚಪ್ಪನ ಹೆಸರನ್ನೂ ತಮ್ಮ ಕೇರಿಯ ಹೆಸರನ್ನೂ ಮುಚ್ಚುಮರೆಯಿಲ್ಲದೆ ಹೇಳಿದಳು. ಅವರು ಸರ್ಟಿಫಿಕೇಟಿಗೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದರು. ಆಗ ಹುಡುಗಿಯೇ, "ಮೂರನೇ ಇಯತ್ತೆ ಮಕ್ಕಳು ಕಳಿಯೂ ಲೆಕ್ಕದಾಗ ದಶಕ ತಗೊಳ್ಳೂದು ತಪ್ತಾರಂತ್ರಿ. ಈಗ ಹೇಳಿ ತೋರಿಸ್ಲೇನ್ರಿ?" ಎಂದಳು. ಅವಳು ಮಕ್ಕಳಿಗೆ ಹೇಳಿಕೊಟ್ಟ ಲೆಕ್ಕವನ್ನು ಅರ್ಧ ತಾಸು ತರಗತಿಯ ಬಾಗಿಲಲ್ಲಿ ನಿಂತು ಕೇಳಿದ ಹೆಡ್‌ಮಾಸ್ತರರು ತಮ್ಮ ಕೋಣೆಗೆ ಬಂದು ಕೂತು, ಸೋಮವಾರದಿಂದ ಬಾ ಎಂದರು. ಆಮೇಲೆ ಬೇಸರದಿಂದಲೇ ಕೇಳಿದರು:

"ಹ್ವಾದ ವರ್ಷ ಎಲ್ಲಿದ್ದಿಬೇ ನೀ? ಕಾಯಂ ಜಾಗಾ ಇತ್ತು. ಈಗ ಮೂರ ತಿಂಗಳದ್ದಷ್ಟ ಐತಿ."

ಬಾಷಾಬಿಗೆ ಸುಮ್ಮನಿರಲಾಗಲಿಲ್ಲ. "ತಪ್ಪು ನಂದರಿ ಮಾಸ್ತರ್ರ. ನೀವು ಕೇಳಿದ್ರಿ, ನಾನ ಯಾರೂ ಇಲ್ಲ ಅಂದೆ. ಈಕೀ ಅವ್ವ ಸುಮ್ನ ಅದಾಳ ಅಂದಿದ್ಲು, ನಾ ನಂಬಿದೆ." ಹೇಳುವಾಗ ಅವಳ ಕಣ್ಣು ತುಂಬಿದವು.

ತಿರುಗಿ ಬರುವ ಬಸ್ಸಿನಲ್ಲಿ ಸಾವಂತ್ರೆವ್ವ ಬಹಳ ಹೊತ್ತು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಬಾಷಾಬಿ ಬೈಗುಳಕ್ಕೆ ತಯಾರಾಗಿದ್ದಳು. ಕಲಘಟಗಿ ಹತ್ತಿರ ಬಂದಾಗ ಹುಡುಗಿ ಅವಳ ಕೈ ಹಿಡಿದಳು.

"ಆಯಿ, ಹ್ವಾದ ವರ್ಷದ್ದು ನಮ್ಮವ್ವಗ ಹೇಳಬ್ಯಾಡ್ರಿ. ತನ್ನ ಕೈಯಾರೆ ಕಳದೆ ಅಂತ ಗೊತ್ತಾದ್ರ ಆಕಿ ಜೀವ ತಡಿಯೂದಿಲ್ಲ."

ರವಿವಾರ ಹೆಣ್ಣು ನೋಡುವವರು ಬರಲಿಲ್ಲ. ಕೊಟ್ಟ ಮಾತಿನಂತೆ ಹುಚ್ಚಪ್ಪ ಬರಬೇಡಿರೆಂದು ಹೇಳಿ ಕಳಿಸಿದ್ದ. ಮೂರು ತಿಂಗಳು ಮುಗಿಯುವ ಹೊತ್ತಿಗೆ ಈರಬಸಪ್ಪನವರೇ ಇನ್ನೊಂದು ಶಾಲೆಗೆ ಚೀಟಿ ಬರೆದುಕೊಟ್ಟರು, ಅಲ್ಲಿಂದ ದಾರಿ ಸಾಗಿತು. ಬಾಷಾಬಿಯೂ ಬದಲಾದಳು. ಯಾವ ಮನೆಯಲ್ಲಿ ಕೂತರೂ ಮೊದಲು, ನಿಮ್ಮಲ್ಲಿ ಕಲಿತು ಕೂತವರು ಯಾರಿದ್ದಾರೆ, ಅವರಿಗೆ ಏನು ಬರುತ್ತದೆ ಎಂದು ಕೇಳುತ್ತಿದ್ದಳು. ಅವರು ಹ್ಞೂಂ ಎಂದರೆ ಮಾತ್ರ ಮುಂದಿನೂರಿನಲ್ಲಿ ಹೇಳುತ್ತಿದ್ದಳು.

ಆದರೆ ತಂಬೂರಿನ ಆ ಕಟ್ಟೆಯ ಮೇಲೆ ಮಾತ್ರ ಅವಳ ನಾಲಿಗೆ ಕಟ್ಟಿಹೋಗುತ್ತಿತ್ತು. ಮರುವರ್ಷದ ನಾಗರಪಂಚಮಿಗೆ ಬಳೆ ಇಡಿಸಿಕೊಳ್ಳಲು ಓಣಿಯ ಹೆಂಗಸರೆಲ್ಲ ಸೇರಿದಾಗ ಬಸವಣ್ಣೆವ್ವ ಹೆಮ್ಮೆಯಿಂದ ಹೇಳಿದಳು:

"ಎರಡ ವರ್ಷ ನಾ ಯಾರ ಮುಂದೂ ತುಟಿ ಬಿಚ್ಚಲಿಲ್ಲ. ಅದಕ್ಕ ನನ್ನ ಮಗಳಿಗೆ ಕೆಲಸ ಆತು. ನೀವೂ ಹಂಗ ಇರ್ರಿ. ಖರೇ ಹೌದಿಲ್ಲೋ ಬಾಷಾಬಿ?"

"ಹೌದವಾ," ಎಂದಳು ಬಾಷಾಬಿ.