ಗಾಳಿಯಲ್ಲಿದ್ದ ಲಾಠಿ

ಇವತ್ತು ನಾರಾಯಣಗೂಡ ಸಿಗ್ನಲ್‌ನಲ್ಲಿ ಒಬ್ಬ ಹುಡುಗಿ ಮೂರು ಚೆಂಡು ಹಾರಿಸುತ್ತಿದ್ದಳು. ಪೊಲೀಸಪ್ಪ ಅವಳನ್ನು ಓಡಿಸಲು ಲಾಠಿಯಿಂದ ರಸ್ತೆ ಕುಟ್ಟಿದ. ಆ ಸದ್ದಿಗೆ ನನ್ನ ಬೆನ್ನು ಇವತ್ತಿಗೂ ಸೆಟೆಯುತ್ತದೆ.

ನಮ್ಮವ್ವ ಸನತ್‌ನಗರದ ಕಾರ್ಖಾನೆ ಗೇಟಿನ ಮುಂದೆ ಚೆಂಡು, ಚೂರಿ ಹಾರಿಸಿ ಹಿಡಿಯುವ ಆಟ ಆಡುತ್ತಿದ್ದಳು. ಪಾಳಿ ಮುಗಿಸಿ ಬರುವ ಕಾರ್ಮಿಕರ ಊಟದ ಡಬ್ಬಿಗಳನ್ನೂ ಇಸಕೊಂಡು ಹಾರಿಸುತ್ತಿದ್ದಳು. "ತಮ್ಮ ಡಬ್ಬಿ ಮ್ಯಾಲೆ ಇರೂತನಕ ಒಬ್ಬರೂ ಕದಲಂಗಿಲ್ಲ ನೋಡು," ಅಂತ ನಗುತ್ತಿದ್ದಳು.

ಒಂದು ಸಂಜೆ ಪೊಲೀಸಿನವನು ಬಂದ. ಬೀದಿ ಅವನಪ್ಪನ ಆಸ್ತಿ ಅನ್ನುವ ಹಾಗೆ, "ಚಲ್, ಉಠಾ ಸಾಮಾನ್!" ಎಂದು ಲಾಠಿ ಎತ್ತಿದ. ಹಿಂದಿನ ವಾರ ಅವನು ಹೊಡೆದ ಬಾಸುಂಡೆ ಅವ್ವನ ತೋಳಿನ ಮೇಲೆ ಇನ್ನೂ ಮಾಸಿರಲಿಲ್ಲ. ಅವಳು ಕೈ ಚಾಚಿದಳು.

"ಸಾಹೇಬ್ರ, ಅದನ್ನ ಇತ್ತ ಕೊಡ್ರಿ. ಡಬ್ಬಿ ಜೋಡಿ ಹಾರಸ್ತೀನಿ."

"ಕೊಡ್ರೀ ಸಾಹೇಬ್ರ, ಅಂಜತೀರೇನು?" ಗುಂಪಿನಿಂದ ಯಾರೋ ಕೆಣಕಿದರು. ಎಲ್ಲರೂ ನಕ್ಕರು. ಅವನು ಕೊಟ್ಟುಬಿಟ್ಟ.

ಲಾಠಿ ಮೇಲೇರಿತು. ಗಾಳಿಯಲ್ಲಿರುವ ಲಾಠಿ ಯಾರನ್ನೂ ಹೊಡೆಯಲಾರದು. ಆದರೆ ಅವ್ವನ ಪೆಟ್ಟುಬಿದ್ದ ತೋಳು ಸೋಲತೊಡಗಿತು. ನಿಲ್ಲಿಸಿದರೆ ಏಟು ಖಾತ್ರಿ. ಗುಂಪಿನ ನಗು ನಿಂತಿತು. ಡಬ್ಬಿ ಕೊಟ್ಟವರು ಮೊದಲು, ಆಮೇಲೆ ಉಳಿದವರು, ಮುಂದೆ ಬಂದು ಅವ್ವನ ಎರಡೂ ಪಕ್ಕ ನಿಂತರು. ಅವ್ವ ಲಾಠಿ ಹಿಡಿದು ಅವನಿಗೆ ಮರಳಿಸಿದಳು. ಅವನು ಒಮ್ಮೆ ಸುತ್ತ ನೋಡಿ, ಅದನ್ನು ಕಂಕುಳಲ್ಲಿಟ್ಟುಕೊಂಡು ಹೊರಟುಹೋದ.

ಇವತ್ತು ಆ ಹುಡುಗಿಯ ಪಕ್ಕದಲ್ಲಿ ಯಾರೂ ಇರಲಿಲ್ಲ. ನಾನು ಸ್ಕೂಟರಿಗೆ ಸ್ಟ್ಯಾಂಡ್ ಹಾಕಿ, ಹೋಗಿ ಅವಳ ಪಕ್ಕ ನಿಂತೆ. ಪೊಲೀಸಪ್ಪನ ಕಡೆ ಕೈ ಚಾಚಿದೆ.

"ಲಾಠಿ ಇತ್ತ ಕೊಡ್ರಿ, ಸಾಹೇಬ್ರ."