ರಟ್ಟಿಲ್ಲದ ಪುಸ್ತಕಕ್ಕೆ ಅಪ್ಪ ಹಾಕಿದ ಬೈಂಡು

ನನ್ನಂಥವರ ಬಗ್ಗೆ ಎರಡು ಕಥೆಗಳು ಚಾಲ್ತಿಯಲ್ಲಿವೆ. ಊರಿನವರ ಕಥೆ: 'ಚೆನ್ನಾಗೇ ಇದ್ದ ಹುಡುಗ, ಫಾರಿನ್ನಿಗೆ ಹೋದ, ಅಲ್ಲಿನ ಗಾಳಿ ಸೋಕಿ ಹಾಗಾದ.' ಈಗ ನಾನಿರುವ ಗ್ಲಾಸ್ಗೋ ನಗರದ ಗೆಳೆಯರ ಕಥೆ: 'ಪಾಪ, ಅಲ್ಲಿ ಉಸಿರು ಕಟ್ಟಿತ್ತು, ಇಲ್ಲಿಗೆ ಬಂದು ಬದುಕಿಕೊಂಡ.' ಎರಡರಲ್ಲೂ ವಿಮಾನವೇ ನಾಯಕ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಮಾಡಿ ಮಾಡಿ ನನಗೊಂದು ಚಾಳಿ ಹತ್ತಿದೆ. ಎದುರಾಳಿಗಳಿಬ್ಬರೂ ಒಂದೇ ಮಾತನ್ನು ಸದ್ದಿಲ್ಲದೆ ಒಪ್ಪಿಕೊಂಡು ಜಗಳವಾಡುತ್ತಿದ್ದರೆ, ಆ ಒಪ್ಪಿಕೊಂಡ ಮಾತಿಗೇ ಮೊದಲು ಕೈ ಹಾಕಬೇಕು. ಇಲ್ಲಿ ಇಬ್ಬರೂ ಒಪ್ಪಿಕೊಂಡಿರುವುದು ಇಷ್ಟು: ನಾನು ಗೇ, ಗಂಡಸರನ್ನು ಪ್ರೀತಿಸುವ ಗಂಡಸು, ಎಂಬ ತಿಳಿವು ನನಗೆ ಹೊರದೇಶದಲ್ಲಿ ಸಿಕ್ಕಿತು.

ತಪ್ಪು. ಅದು ಸಿಕ್ಕಿದ್ದು ಭದ್ರಾವತಿಯ ಕಾಗದನಗರದಲ್ಲಿ, ಕಾಗದ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ತಂದುಕೊಟ್ಟವನು ನನ್ನ ಅಪ್ಪ, ತನ್ನ ಟಿಫನ್ ಚೀಲದಲ್ಲಿಟ್ಟುಕೊಂಡು.

ಆ ಸಂಗತಿಗೆ ಬರುತ್ತೇನೆ. ಮೊದಲು ಇಲ್ಲಿನದು. ನಾನು ಶಿವಮೊಗ್ಗದಲ್ಲಿ ನರ್ಸಿಂಗ್ ಓದಿದವನು, ಇಲ್ಲಿನ ಆಸ್ಪತ್ರೆಯೊಂದರಲ್ಲಿ ಕೆಲಸ. ಬಂದಿಳಿದ ದಿನ ನನ್ನನ್ನು ಬೆಚ್ಚಿಬೀಳಿಸಿದ್ದು ಚಳಿಯಲ್ಲ, ವಾಸನೆಯೇ ಇಲ್ಲದ ಗಾಳಿ. ಕಾಗದನಗರದಲ್ಲಿ ಬೆಳೆದವರಿಗೆ ಗಾಳಿ ಅಂದರೆ ಬೆಂದ ತಿರುಳಿನ, ಕೊಳೆತ ಎಲೆಕೋಸಿನಂಥ ಘಾಟು. ನೆಂಟರು ಬಂದರೆ ಮೂಗು ಮುಚ್ಚಿಕೊಳ್ಳುತ್ತಿದ್ದರು, ನಾವು ನಗುತ್ತಿದ್ದೆವು. ಗ್ಲಾಸ್ಗೋದಲ್ಲಿ ನಿಂತು ಜೋರಾಗಿ ಉಸಿರೆಳೆದುಕೊಂಡೆ. ಏನೂ ಬರಲಿಲ್ಲ. ಯಾರೂ ವಾಸಿಸದ ಊರಿಗೆ ಬಂದೆನೇನೋ ಅನ್ನಿಸಿತು.

ಇಲ್ಲಿನ ಹಳೆಯ ಮನೆಗಳು ಕೆಂಪು ಕಲ್ಲಿನ ನಾಲ್ಕಂತಸ್ತಿನ ಸಾಲುಗಳು. ಎಲ್ಲ ಮನೆಗಳಿಗೂ ಸೇರಿದ ಒಳಗಿನ ಮೆಟ್ಟಿಲಿಗೆ 'ಕ್ಲೋಸ್' ಅನ್ನುತ್ತಾರೆ. ಅದನ್ನು ತೊಳೆಯುವ ಸರದಿ ವಾರಕ್ಕೊಂದು ಮನೆಯದು. ಸರದಿ ಬಂದ ಮನೆಯ ಬಾಗಿಲ ಹಿಡಿಗೆ ಒಂದು ರಟ್ಟಿನ ತುಂಡು ನೇತುಹಾಕುತ್ತಾರೆ. ನಮ್ಮ ಬಾಗಿಲಿಗೆ ಅದು ಬಂದಾಗ ನಾನು ಜಾಹೀರಾತು ಅಂದುಕೊಂಡು ಬಿಸಾಡಿದೆ. ಎದುರು ಮನೆಯ ಜೀನ್, ನಿವೃತ್ತ ಬಸ್ ಡ್ರೈವರ್, ಬಂದು ಬಾಗಿಲು ಬಡಿದಳು.

"ಏನು ಸನ್, ನಿನ್ನ ದೇಶದಲ್ಲಿ ಮೆಟ್ಟಿಲು ತಾನಾಗಿಯೇ ತೊಳೆದುಕೊಳ್ಳುತ್ತದಾ?"

'ಸನ್' ಅಂದರೆ ಮಗ. ಇಲ್ಲಿ ವಯಸ್ಸಾದ ಹೆಂಗಸರು ಯಾವ ಹುಡುಗನನ್ನಾದರೂ ಹಾಗೆ ಕರೆಯುತ್ತಾರೆ, ನಮ್ಮ ಕಡೆ ಕಂಡವರಿಗೆಲ್ಲ 'ಮಾರಾಯ' ಅಂದಹಾಗೆ. ನಾನು ಕ್ಯಾಲಂ ಕಡೆ ನೋಡಿದೆ. ಕ್ಯಾಲಂ ಅಂದರೆ ನನ್ನ ಜೊತೆ ಬಾಳುತ್ತಿರುವವನು, ಶಾಲೆಯಲ್ಲಿ ಮರಗೆಲಸ ಕಲಿಸುವ ಮೇಷ್ಟ್ರು. ಅವನು ಆಗಲೇ ಬಕೆಟ್ ಹುಡುಕುತ್ತಿದ್ದ.

"ನನ್ನ ಸರದಿಯಾ, ಅವನದಾ?" ಎಂದು ಜೀನ್‌ಳನ್ನು ಕೇಳಿದೆ.

"ಸರದಿ ಮನೆಯದು ಕಣೋ. ನಿಮ್ಮಲ್ಲಿ ಯಾರು ತೊಳೀತಾರೆ ಅನ್ನೋದು ನೀವಿಬ್ಬರೇ ಹೊಡೆದಾಡಿಕೊಳ್ಳಿ."

ಮೆಟ್ಟಿಲು ಒರೆಸುವಾಗ ಕ್ವಾರ್ಟರ್ಸಿನ ಬೀದಿ ನಲ್ಲಿ ನೆನಪಾಯಿತು. ಅಲ್ಲೂ ಸರದಿಯಿತ್ತು, ಜಗಳ ಜಾಸ್ತಿ. ಒಂದೇ ನಲ್ಲಿಯ ಮುಂದೆ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಬೈಗುಳ ಕೇಳಬಹುದಿತ್ತು. ಇಲ್ಲಿ ಬೈಗುಳವಿಲ್ಲ, ರಟ್ಟಿನ ತುಂಡು. ಜೀನ್ ಕಣ್ಣಿಗೆ ನಾವಿಬ್ಬರೂ ಸೇರಿ ಒಂದು ಮನೆಯಾಗಿದ್ದೆವು. ಊರಿನಲ್ಲಿ ಅಷ್ಟು ಸಲೀಸಾಗಿ ಆಗುತ್ತಿದ್ದೆವಾ? ಇಲ್ಲ. ವಾದಕ್ಕಾಗಿಯೂ ನಾನು ಅದನ್ನು ಅಲ್ಲಗಳೆಯುವುದಿಲ್ಲ.

ಇನ್ನು ಪುಸ್ತಕ.

ಅಪ್ಪನಿಗೆ ಕಾರ್ಖಾನೆಯ ರದ್ದಿ ಯಾರ್ಡಿನಲ್ಲಿ ಕೆಲಸ. ಎಲ್ಲೆಲ್ಲಿಂದಲೋ ಬಂದ ಹಳೇ ಕಾಗದದ ಮೂಟೆಗಳನ್ನು ಬಿಚ್ಚಿ, ಪ್ಲಾಸ್ಟಿಕ್ಕು, ಪಿನ್ನು ತೆಗೆದು, ಬೇಯಿಸಲು ಕಳಿಸಬೇಕು. ಪುಸ್ತಕ ಬಂದರೆ ಬೆನ್ನು ಹರಿಯಬೇಕು. ಬೆನ್ನಿನ ಅಂಟು ತಿರುಳಿಗೆ ಬಿದ್ದರೆ ಹೊಸ ಕಾಗದದ ಮೇಲೆ ಚುಕ್ಕೆ ಬೀಳುತ್ತದೆ. ಮಾರಾಟವಾಗದ ಇಂಗ್ಲಿಷ್ ಪುಸ್ತಕಗಳು ಮುಂದಿನ ರಟ್ಟು, ಹೆಸರಿನ ಪುಟ ಕಿತ್ತುಕೊಂಡೇ ಬರುತ್ತಿದ್ದವು, ಯಾರೂ ಮತ್ತೆ ಮಾರದಿರಲಿ ಎಂದು. ಹೀಗೆ ಮೂಟೆ ಬಿಚ್ಚುವವರೆಲ್ಲರ ಮನೆಯಲ್ಲೂ ರಟ್ಟಿಲ್ಲದ ಪುಸ್ತಕಗಳು. ಗೇಟಿನಲ್ಲಿ ಚೀಲ ತೆರೆಸಿ ನೋಡುತ್ತಿದ್ದ ವಾಚ್‌ಮನ್, "ಮಕ್ಳಿಗೆ" ಅಂದರೆ ಸಾಕು, ಬಿಟ್ಟುಬಿಡುತ್ತಿದ್ದ. ನಮ್ಮ ಪಕ್ಕದ ಮನೆಯ ತಮಿಳು ಹುಡುಗಿ ಯಾವುದೋ ದೇಶದ ಅಡುಗೆ ಪುಸ್ತಕ ಓದಿಯೇ ಇಂಗ್ಲಿಷ್ ಕಲಿತಳು. ಅದರಲ್ಲಿದ್ದ ಒಂದು ಸಾಮಾನೂ ಭದ್ರಾವತಿಯಲ್ಲಿ ಸಿಗುತ್ತಿರಲಿಲ್ಲ.

ನಾನು ನರ್ಸಿಂಗ್ ಎರಡನೇ ವರ್ಷದಲ್ಲಿದ್ದಾಗ ಅಪ್ಪ ಒಂದು ದಪ್ಪ ಪುಸ್ತಕ ತಂದ.

"ತಗೋ. ಇದರಲ್ಲಿ ಬರೀ ಪ್ರಶ್ನೆ, ಉತ್ತರ. ಡಿಬೇಟಿಗೆ ಆಗುತ್ತೆ."

"ಯಾರು ಬರ್ದಿದ್ದಪ್ಪಾ?"

"ರಟ್ಟೇ ಇಲ್ವಲ್ಲೋ ಮಾರಾಯ, ಹೆಸರು ಎಲ್ಲಿಂದ ತರ್ಲಿ? ಓದು ಸುಮ್ನೆ."

ಓದಿದೆ. ಅದು ವಾರಪತ್ರಿಕೆಯೊಂದರಲ್ಲಿ ಹಾಸಿಗೆಯ, ಸಂಬಂಧಗಳ ಕುರಿತ ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದ ಅಂಕಣಕಾರನ ಬರಹಗಳ ಸಂಕಲನ. ಆತ ಗೇ. ಅದನ್ನು ಮೊದಲ ಪುಟದಲ್ಲೇ, ತಾನು ಎಡಗೈ ಬಳಸುವವನು ಎಂಬಷ್ಟು ತಣ್ಣಗೆ ಹೇಳಿಕೊಂಡಿದ್ದ. ನಾನು ಪುಸ್ತಕ ಮುಚ್ಚಿ ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದೆ. ಮತ್ತೆ ತೆರೆದೆ.

ನಿಜ ಹೇಳುತ್ತೇನೆ, ನನ್ನನ್ನು ಹಿಡಿದಿಟ್ಟದ್ದು ಹಾಸಿಗೆಯ ವಿಷಯಕ್ಕಿಂತ ಆತ ವಾದಿಸುವ ಬಗೆ. ಪ್ರಶ್ನೆ ಕೇಳಿದವರ ನೆಪವನ್ನು ಮೊದಲು ಸುಲಿದು ಬದಿಗಿಡುತ್ತಿದ್ದ. ಆಮೇಲೆ ಅವರೇ ಕೇಳಿಕೊಳ್ಳದ ಪ್ರಶ್ನೆಯನ್ನು ಮುಂದಿಡುತ್ತಿದ್ದ. ಇಬ್ಬರು ಒಬ್ಬರಿಗೊಬ್ಬರು ಸರಿಯೋ ಅಲ್ಲವೋ ತಿಳಿಯಲು ಒಂದೇ ಪರೀಕ್ಷೆ ಎಂದು ಬರೆದಿದ್ದ: ಊಟವಾದ ಮೇಲೆ ಪಾತ್ರೆ ಯಾರು ತೊಳೆಯಬೇಕು ಎಂಬುದು ಜಗಳವಿಲ್ಲದೆ ತೀರ್ಮಾನವಾಗುತ್ತದೆಯೇ?

ಶಿವಮೊಗ್ಗದ ಅಂತರಕಾಲೇಜು ಸ್ಪರ್ಧೆಯಲ್ಲಿ ವಿಷಯ: 'ಹಿರಿಯರು ನಿಶ್ಚಯಿಸಿದ ಮದುವೆಯೇ ಮೇಲು'. ನಾನು ವಿರೋಧ. ಪಾತ್ರೆಯ ವಾದವನ್ನು ಎತ್ತಿಕೊಂಡು, ಜಾತಕದಲ್ಲಿ ಪಾತ್ರೆಯ ಮನೆ ಯಾವುದು ಎಂದು ಕೇಳಿದೆ. ಸಭೆ ಕುಣಿಯಿತು. ತೀರ್ಪುಗಾರರಾಗಿದ್ದ ನಿವೃತ್ತ ಹೆಡ್ ಮಾಸ್ಟರು ಬಹುಮಾನ ಕೊಡುವಾಗ, "ಬಹಳ ಪ್ರೌಢ ವಿಚಾರ ಕಣಪ್ಪ. ಯಾವ ಗ್ರಂಥದ್ದು?" ಎಂದರು. "ಪಾಶ್ಚಾತ್ಯ ಚಿಂತಕರೊಬ್ಬರದು ಸರ್" ಎಂದೆ. ಹಿಂದಿನ ಸಾಲಿನಲ್ಲಿ ಅಪ್ಪ ಕೂತಿದ್ದ.

ಆ ಸಂಜೆ ಅಪ್ಪ ನನ್ನನ್ನು ಗಾಜನೂರಿಗೆ ಕರೆದುಕೊಂಡು ಹೋದ. ಅಣೆಕಟ್ಟಿನ ಹತ್ತಿರ ಕೂತು ಮಂಡಕ್ಕಿ ತಿಂದೆವು. ತುಂಗೆಯನ್ನೇ ನೋಡುತ್ತಿದ್ದವನು ಕೇಳಿದ:

"ಅಲ್ಲಿ ಹೇಳಿದ್ಯಲ್ಲ, ಅದನ್ನ ನಂಬಿ ಹೇಳಿದ್ಯೋ, ಗೆಲ್ಲೋಕೆ ಹೇಳಿದ್ಯೋ?"

"ನಂಬಿ."

"ಹಂಗಾದ್ರೆ ಸರಿ ಬಿಡು" ಎಂದು ಪೊಟ್ಟಣದ ತಳದಲ್ಲಿದ್ದ ಕಡಲೆಬೀಜವನ್ನೆಲ್ಲ ನನ್ನ ಕೈಗೆ ಸುರಿದ.

ಮರುದಿನ ನೋಡಿದರೆ ಪುಸ್ತಕಕ್ಕೆ ಬೈಂಡು ಬಿದ್ದಿತ್ತು. ಕಂದು ಕಾಗದ, ಮೂಲೆಗಳನ್ನು ಒಳಕ್ಕೆ ಮಡಿಸಿ, ಅಂಟು ಹಾಕದೆ. ಮೇಲೆ ಅಪ್ಪನ ಗುಂಡು ಅಕ್ಷರದಲ್ಲಿ ನನ್ನ ಹೆಸರು, ಕೆಳಗೆ 'ಚರ್ಚಾಸ್ಪರ್ಧೆ'.

ಗ್ಲಾಸ್ಗೋಗೆ ಬಂದ ಮೇಲೆ ನನ್ನ ಮೊದಲ ಗೆಲುವು ವೀಸಾನೂ ಅಲ್ಲ, ಬಾಡಿಗೆ ಮನೆಯೂ ಅಲ್ಲ. ನಮ್ಮ ಬೀದಿಯ ಲೈಬ್ರರಿಗೆ ಹೋಗಿ, ಲೇಖಕರ ಹೆಸರು ಗೊತ್ತಿಲ್ಲದೆ, ಪುಸ್ತಕದ ಹೆಸರು ಹೇಳಲು ನಾಚಿ, "ಪಾತ್ರೆ ತೊಳೆಯುವ ಪರೀಕ್ಷೆ" ಎಂದಷ್ಟೇ ಹೇಳಿದೆ. ಲೈಬ್ರರಿಯವಳು ನಗುತ್ತಾ ಎದ್ದಳು. "ಓ, ಅವನಾ!" ಎಂದು ಕರೆದುಕೊಂಡು ಹೋಗಿ ತೋರಿಸಿದಳು. ಕಪಾಟಿನ ಅರ್ಧ ಸಾಲು ಆತನ ಪುಸ್ತಕಗಳೇ. ನಾನು ಓದಿದ್ದ ಆ ಸಂಕಲನ, ಹಾಸಿಗೆ ಹಿಡಿದ ತಂದೆಯನ್ನು ನೋಡಿಕೊಂಡ ವರ್ಷಗಳ ನೆನಪು, ಕೊನೆಗೆ ತಾನು ಕೊಟ್ಟ ತಪ್ಪು ಉತ್ತರಗಳನ್ನೆಲ್ಲ ತಾನೇ ಹೆಕ್ಕಿ ಹಿಂತೆಗೆದುಕೊಂಡ ಪುಸ್ತಕ. ಊರಿನ ನೆಂಟನೊಬ್ಬ ಪರದೇಶದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಂತಾಯಿತು. ಭದ್ರಾವತಿಯವನೇ ಈತ, ಇಲ್ಲಿಗೆ ಹೇಗೆ ಬಂದ ಎಂದು ಒಂದು ಗಳಿಗೆ ನಿಜವಾಗಿ ಅನ್ನಿಸಿತು.

ಎಲ್ಲವನ್ನೂ ಓದಿದೆ. ಆತ ತಂದೆಯ ಬಗ್ಗೆ ಬರೆದದ್ದನ್ನು ಓದುವಾಗ ಆಸ್ಪತ್ರೆಯ ಡ್ಯೂಟಿಯಲ್ಲೂ ಮನಸ್ಸು ಅಲ್ಲೇ. ಆದರೆ ಒಂದು ಕಡೆ ನಾನೂ ಆತನೂ ಕಾದಾಡಿದೆವು. ಯುವಕನೊಬ್ಬ ಕೇಳಿದ್ದ: ನಾನು ಗೇ ಎಂದು ಮನೆಯಲ್ಲಿ ಹೇಳಿಲ್ಲ, ಏನು ಮಾಡಲಿ? ಉತ್ತರ: ಹೇಳದೆ ಕಳೆಯುವ ಪ್ರತಿ ಊಟವೂ ಸುಳ್ಳಿನ ಊಟ. ತಪ್ಪು ಉತ್ತರಗಳ ಪುಸ್ತಕದಲ್ಲಿ ಇದನ್ನು ಹುಡುಕಿದೆ. ಇರಲಿಲ್ಲ. ಅಂದರೆ ಇದು ಸರಿ ಎಂದೇ ಆತ ಇಂದಿಗೂ ನಂಬಿದ್ದಾನೆ.

ನನ್ನ ಆಕ್ಷೇಪ ಇಷ್ಟು. ಸ್ವಾಮಿ, ನಮ್ಮ ಮನೆಯಲ್ಲಿ ಯಾರು ಯಾವುದನ್ನು ಬಾಯಿಬಿಟ್ಟು ಹೇಳಿದ್ದಾರೆ? ಕಾರ್ಖಾನೆ ನಿಂತಾಗ ಅಪ್ಪ ಮನೆಯಲ್ಲಿ ಒಂದು ಮಾತೂ ಆಡಲಿಲ್ಲ. ಟಿಫನ್ ಚೀಲವನ್ನು ತೊಳೆದು, ಒಣಗಿಸಿ, ಮೊಳೆಗೆ ನೇತುಹಾಕಿದ. ಅಮ್ಮ ಅದನ್ನು ನೋಡಿದಳು, ಮಾಮೂಲಿ ಹೊತ್ತಿಗೇ ಅನ್ನಕ್ಕಿಟ್ಟಳು. ಸುಳ್ಳು ಎಲ್ಲಿ ಬಂತು ಅದರಲ್ಲಿ? ಕ್ವಾರ್ಟರ್ಸು ಬಿಟ್ಟು ಶಿವಮೊಗ್ಗದ ರಾಗಿಗುಡ್ಡದ ಕಡೆ ಬಾಡಿಗೆ ಮನೆ ಹಿಡಿದದ್ದೂ ಹಾಗೆಯೇ, ಹೆಚ್ಚು ಮಾತಿಲ್ಲದೆ. ಆಗ ರದ್ದಿಯ ಪುಸ್ತಕಗಳೆಲ್ಲ ಮತ್ತೆ ರದ್ದಿಗೆ ಹೋದವು.

ಹೀಗೆ ವಾದಿಸಿ ಗೆದ್ದೆ, ಸರಿ. ಆದರೆ ಗೆದ್ದವನ ಊಟಕ್ಕೆ ಯಾಕೆ ರುಚಿಯಿಲ್ಲ? ಕ್ಯಾಲಂ 'ಟ್ಯಾಟಿ ಸ್ಕೋನ್' ಎಂಬ ಆಲೂಗಡ್ಡೆ ರೊಟ್ಟಿಯ ಮೇಲೆ ಅಮ್ಮ ಕಳಿಸಿದ ಚಟ್ನಿಪುಡಿ ಉದುರಿಸಿಕೊಂಡು ತಿನ್ನುತ್ತಾನೆ, ಬೆವರುತ್ತಾ, ಬಿಡದೆ. ಅದನ್ನು ಅಮ್ಮ ನೋಡಬೇಕಿತ್ತು ಅನ್ನಿಸುತ್ತದೆ. "ಯಾರೋ ಈ ಬಿಳಿ ಹುಡುಗ, ನೀರಾದ್ರೂ ಕೊಡೋ" ಎಂದು ಅವಳು ಬೈಯಬೇಕಿತ್ತು. ಮೋಡ ಮುಚ್ಚಿ ಜಿಟಿಪಿಟಿ ಹಿಡಿದ ದಿನಕ್ಕೆ ಇಲ್ಲಿ 'ಡ್ರೀಖ್' ಅನ್ನುತ್ತಾರೆ. ಅಂಥ ದಿನ ಕಿಟಕಿಯಲ್ಲಿ ನಿಂತು ಆ ಎಲೆಕೋಸಿನ ಘಾಟಿಗಾಗಿ ಹಂಬಲಿಸುತ್ತೇನೆ. ಈಗ ಕಾಗದನಗರದಲ್ಲೂ ಅದು ಇಲ್ಲ ಎಂದು ಗೊತ್ತಿದ್ದೂ.

ಕಳೆದ ಭಾನುವಾರ ಅಪ್ಪನ ಫೋನು. ಮತ್ತೆ ಮನೆ ಬದಲಾಯಿಸುತ್ತಿದ್ದಾರಂತೆ, ಅದೇ ಬಡಾವಣೆಯಲ್ಲಿ ಎರಡು ಬೀದಿ ಆಚೆ.

"ನಿನ್ನ ಡಿಬೇಟ್ ಪುಸ್ತಕ ಇದೆ ಇಲ್ಲಿ. ಅಲ್ಲಿಗೆ ಕಳ್ಸಲಾ, ಇಟ್ಕೊಂಡಿರ್ಲಾ?"

"ಅದು ರದ್ದಿಗೆ ಹೋಗ್ಲಿಲ್ವಾ ಅಪ್ಪಾ?"

"ಏ, ಅದನ್ನ ಹಾಕಕ್ಕಾಗುತ್ತೇನೋ? ಬೈಂಡ್ ಕೂಡ ಇನ್ನೂ ಗಟ್ಟಿ ಇದೆ."

ಹಿಂದೆ ಅಮ್ಮನ ದನಿ: "ಊಟ ಆಯ್ತಾ ಕೇಳ್ರೀ ಮೊದ್ಲು!"

"ಆಯ್ತಂತೆ ಕಣೇ, ಪಾತ್ರೆ ಸದ್ದು ಕೇಳ್ತಿದೆಯಲ್ಲ. ಯಾರೋ ಅದು ತೊಳೀತಿರೋದು?"

"ಕ್ಯಾಲಂ, ಅಪ್ಪಾ. ಮನೇಲಿ ಜೊತೆಗಿರೋವ್ನು."

ಅಪ್ಪ ಕೇಳಿದ: "ಜಗಳ ಇಲ್ದೆ ತೊಳೀತಾನಾ?"

"ತೊಳೀತಾನೆ."

"ಹಂಗಾದ್ರೆ ಸರಿ ಬಿಡು."

ಫೋನ್ ಇಟ್ಟ ಮೇಲೆ ಅದೇ ಪುಸ್ತಕದ ಲೈಬ್ರರಿ ಪ್ರತಿಯನ್ನು ತೆಗೆದು ನೋಡಿದೆ. ಪ್ರತಿ ಪುಟದ ನೆತ್ತಿಯ ಮೇಲೆ ಪುಸ್ತಕದ ಹೆಸರು ಅಚ್ಚಾಗಿದೆ, ಊರಿನ ಪ್ರತಿಯಲ್ಲಿದ್ದ ಹಾಗೆಯೇ. 'ಇಬ್ಬರು ಗಂಡಸರು, ಒಂದು ಮಂಚ' ಎಂಬ ಅರ್ಥದ್ದು. ಹೈಸ್ಕೂಲು ಮೆಟ್ಟಿಲು ಹತ್ತಿದ ಯಾರಾದರೂ ಓದಬಹುದಾದ ಇಂಗ್ಲಿಷ್. ಅಪ್ಪ ಎಸ್ಸೆಸ್ಸೆಲ್ಸಿ ಮುಗಿಸಿದವನು. ಬೆನ್ನು ಹರಿಯುವ ಕೆಲಸದವನು, ಪ್ರತಿ ಪುಸ್ತಕವನ್ನೂ ಬಿಡಿಸಿ ಹಿಡಿಯಲೇಬೇಕಿತ್ತು. ರಟ್ಟಿಲ್ಲದ ಅಷ್ಟು ಪುಸ್ತಕಗಳು ಮನೆಗೆ ಬಂದವು, ಬೈಂಡು ಬಿದ್ದದ್ದು ಇದೊಂದಕ್ಕೇ. ಇನ್ನೊಂದು ಪಕ್ಷವೂ ಇದೆ: ಮಗನಿಗೆ ಬಹುಮಾನ ತಂದುಕೊಟ್ಟ ಪುಸ್ತಕಕ್ಕೆ ಯಾವ ಅಪ್ಪನಾದರೂ ಬೈಂಡು ಹಾಕಬಹುದು, ಆ ಬಹುಮಾನದ ನೆನಪಿಗಾಗಿಯೇ ಜೋಪಾನ ಮಾಡಬಹುದು. ಪಾತ್ರೆಯ ಮಾತನ್ನು ಪುಸ್ತಕದಿಂದಲ್ಲ, ನನ್ನ ಭಾಷಣದಿಂದಲೇ ನೆನಪಿಟ್ಟುಕೊಂಡಿರಬಹುದು. ಎರಡೂ ಪಕ್ಷವನ್ನು ನಾನೇ ವಾದಿಸಬಲ್ಲೆ. ತೀರ್ಪು ಕೊಡಲು ಮಾತ್ರ ನನ್ನಿಂದ ಆಗುತ್ತಿಲ್ಲ.

ಜೀನ್ ಈಗ ರಟ್ಟಿನ ತುಂಡನ್ನು ನನ್ನ ಕೈಗೇ ಕೊಟ್ಟು ಹೋಗುತ್ತಾಳೆ. ಇಲ್ಲಿ ನನಗೊಂದು ಸರದಿ ಇದೆ, ಮನೆ ಇದೆ, ಅದಕ್ಕೊಂದು ಹೆಸರೂ ಇದೆ. ಅಲ್ಲಿ, ರಾಗಿಗುಡ್ಡದ ಯಾವುದೋ ಹೊಸ ಬಾಡಿಗೆ ಮನೆಯ ಅಟ್ಟದ ಮೇಲೆ, ನನ್ನ ಹೆಸರು ಬರೆದ ಕಂದು ಕಾಗದದೊಳಗೆ ಉಳಿದ ನಾನು ಇದ್ದೇನೆ. ಇವೆರಡರ ನಡುವೆ ಒಂದೇ ಒಂದು ವಾಕ್ಯದಷ್ಟು ದೂರ. ಅದನ್ನು ಫೋನಿನಲ್ಲಿ ದಾಟಲು ನನಗೆ ಆಗಲಿಲ್ಲ. ಅಪ್ಪ ಅಚ್ಚಾದದ್ದು ಏನು ಸಿಕ್ಕರೂ ಓದುತ್ತಾನೆ, ಮಂಡಕ್ಕಿ ಪೊಟ್ಟಣವನ್ನೂ ಬಿಡಿಸಿ ಓದುವವನು. ಹಾಗಾಗಿ ಇದು ಅಚ್ಚಾಗಲಿ ಎಂದು ಇಲ್ಲಿ ಬರೆದಿದ್ದೇನೆ.

ಅಪ್ಪಾ, ಬೈಂಡು ಹಾಕೋ ಮೊದ್ಲು ನೀನು ಅದನ್ನ ಎಲ್ಲಿವರೆಗೂ ಓದಿದ್ದೆ?